ದಾಕ್ಷತ್ತೆಯ ಜವಾಬು

ಒಂದಾನೊಂದು ಊರಿನಲ್ಲಿ ರಾಜ ಇರಲಿಲ್ಲ, ರಾಣಿಯೂ ಇರಲಿಲ್ಲ, ಜವಾಬು ಇಲಾಖೆ ಇತ್ತು. ನಮ್ಮಜ್ಜಿ ಈ ಕಥೆ ಹೇಳಿದ್ದರೆ ಹೀಗೇ ಶುರುಮಾಡುತ್ತಿದ್ದಳು. ಶುರುಮಾಡಿ, ಕಾಲು ನೀಡಿಕೊಂಡು, ಮುಂದಿನ ಮಾತು ತಾನಾಗಿ ಬಾಯಿಗೆ ಬರುವವರೆಗೆ ನಮ್ಮನ್ನು ಕಾಯಿಸುತ್ತಿದ್ದಳು. ಆದರೆ ಈ ಕಥೆಯೊಳಗೆ ಅವಳೇ ಇದ್ದಾಳೆ, ಹಾಗಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಜ್ಜಿ ಒಬ್ಬ ಗಂಡಸಿಗೆ ಒಂದು ಮಾತು ಕೊಟ್ಟಳು. ಆ ಮಾತು ನಡೆದ ದಿನ ಕಥೆ ಮುಗಿಯಿತು. ನಡುವಿನದ್ದನ್ನು ಹೇಳುತ್ತೇನೆ, ಕೇಳಿ.

ನಮ್ಮೂರ ನಡುವೆ ನೀರಿನ ಟ್ಯಾಂಕಿತ್ತು. ಅದರ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದ ಮೈಕುಗಳು. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಅವುಗಳಲ್ಲಿ ಆ ದಿನದ ಜವಾಬುಗಳನ್ನು ಓದುತ್ತಿದ್ದರು. ಬಾವಿಯ ಹಿಂದೆ. ಎರಡನೆಯದಲ್ಲ. ಗಾಳಿ ಬೀಸಿದ್ದರಿಂದ. ಅರ್ಧ ಸೇರು. ಹೀಗೆ ಒಂದೊಂದನ್ನೂ ಎರಡೆರಡು ಸಲ ಓದುವುದು ಇಲಾಖೆಯ ಪದ್ಧತಿ. ಎಲ್ಲಕ್ಕೂ ಜವಾಬು ಸಿದ್ಧವಾಗಿರುವಾಗ ಪ್ರಶ್ನೆ ಕೇಳುವುದು ಜವಾಬಿನ ಮುಖಕ್ಕೆ ಹೊಡೆದ ಹಾಗೆ, ಆದ್ದರಿಂದ ಯಾರೂ ಯಾರನ್ನೂ ಏನನ್ನೂ ಕೇಳಕೂಡದು. ಇಷ್ಟೇ ಕಾನೂನು. ಉಳಿದಂತೆ ಇಲಾಖೆಯವರು ಸಭ್ಯರು. ಬೀದಿ ದೀಪ ಕೆಟ್ಟರೆ ಯಾರೂ ಹೇಳುವ ಮೊದಲೇ ಬಂದು ಸರಿಮಾಡುತ್ತಿದ್ದರು, ಕೆಡದಿದ್ದರೂ ಬಂದು ಸರಿಮಾಡುತ್ತಿದ್ದರು.

ಮೈಕಿನಲ್ಲಿ ಬಂದ ಜವಾಬುಗಳಲ್ಲಿ ತಮಗೆ ಬೇಕಾದದ್ದನ್ನು ಜನ ಹೆಕ್ಕಿಕೊಳ್ಳುತ್ತಿದ್ದರು. ಮೇಕೆ ಕಳಕೊಂಡ ನಿಂಗಮ್ಮ, ಬಾವಿಯ ಹಿಂದೆ ಎಂದು ಕಿವಿಗೆ ಬಿದ್ದದ್ದೇ ಓಡಿಹೋಗಿ ನೋಡಿದರೆ ಅಲ್ಲಿ ಯಾರದೋ ಎಮ್ಮೆಕರು ನಿಂತಿತ್ತು. ಜವಾಬು ಅಂದ ಮೇಲೆ ಜವಾಬು ಎಂದು ಅವಳು ಅದನ್ನೇ ಮನೆಗೆ ಹೊಡೆದುಕೊಂಡು ಬಂದಳು. ಕರು ಕಳಕೊಂಡವನು ಮರುದಿನದ ಜವಾಬಿಗೆ ಕಾದು ಕೂತ. ಎಣ್ಣೆಯಲ್ಲಿ ಹುರಿದದ್ದು ಎಂದು ಬಂತು. ಅವನು ಅಲ್ಲೇ ಕೂತು ಅತ್ತುಬಿಟ್ಟ.

ಎಲ್ಲರಿಗೂ ಬೇಕಾಗಿದ್ದ ಜವಾಬುಗಳೆಂದರೆ ಎರಡೇ, ಹೌದು ಮತ್ತು ಇಲ್ಲ. ಅವೆರಡೂ ಇಲಾಖೆ ಶುರುವಾದ ಹೊಸತರಲ್ಲೇ ಖರ್ಚಾಗಿ ಹೋಗಿದ್ದವಂತೆ. ಹೊಸ ದಾಸ್ತಾನು ಮೇಲಿನಿಂದ ಬರಬೇಕು, ಬಂದಿಲ್ಲ ಎಂದು ಇಲಾಖೆಯವರೇ ಬೇಜಾರು ಮಾಡಿಕೊಳ್ಳುತ್ತಿದ್ದರು. ಮನೆಯೊಳಗೆ, ಬೀದಿಯಲ್ಲಿ ನಾವು ಹೊತ್ತಿಗೆ ಹತ್ತು ಸಲ ಇಲ್ಲ ಅನ್ನುತ್ತಿದ್ದೆವು ನಿಜ. ಅದು ಬರೀ ಬಾಯಿಮಾತು. ಇಲಾಖೆಯವರ ಮುಂದೆ, ಸಾಹುಕಾರರ ಮುಂದೆ, ಮಾವಂದಿರ ಮುಂದೆ ಅದು ನಡೆಯುತ್ತಿರಲಿಲ್ಲ. ಮೈಕಿನಲ್ಲಿ ಬಂದರೆ ಮಾತ್ರ ಜವಾಬು, ಅದನ್ನು ಯಾರೂ ತಳ್ಳಿಹಾಕುವ ಹಾಗಿಲ್ಲ.

ಹಾಗಂತ ಜನ ಬದುಕಬೇಕಲ್ಲ. ಬಲೆ ಒಡ್ಡುವ ಹಾಗೆ ತಪ್ಪು ಒಡ್ಡುವುದನ್ನು ನಮ್ಮೂರವರು ಕಲಿತುಕೊಂಡರು. ಬದನೆಕಾಯಿಯ ಬೆಲೆ ತಿಳಿಯಬೇಕಾದರೆ ತರಕಾರಿಯವಳ ಮುಂದೆ ಕೂತು, ಬದನೆಕಾಯಿ ಇವತ್ತು ಪುಕ್ಕಟೆ ಅನ್ನಬೇಕು. ಪುಕ್ಕಟೆ ಕೊಡೋಕೆ ನಿಮ್ಮಪ್ಪನ ತೋಟದ್ದು ನೋಡು, ಕಿಲೋಗೆ ಇಪ್ಪತ್ತು ಎಂದು ಅವಳು ತಿದ್ದುತ್ತಾಳೆ. ನಮ್ಮ ಡಾಕ್ಟರು ರೋಗಿಯ ಹೊಟ್ಟೆ ಅಮುಕಿ, ನಿನಗೆ ಇಲ್ಲಿ ನೋವಿಲ್ಲ, ಊಟ ಚೆನ್ನಾಗಿ ಸೇರ್ತಿದೆ, ನೀನು ಐದು ತಿಂಗಳ ಬಸುರಿ ಅನ್ನುತ್ತಿದ್ದರು. ಗಡ್ಡ ಬಿಟ್ಟ ರೋಗಿ ಒಂದೊಂದನ್ನೇ ತಾಳ್ಮೆಯಿಂದ ತಿದ್ದುತ್ತಿದ್ದ. ಒಡ್ಡಿದ ತಪ್ಪನ್ನು ತಿದ್ದದೆ ಬಿಡುವುದು ಬಾಯಾರಿ ಬಂದವರನ್ನು ನೀರು ಕೊಡದೆ ಕಳಿಸಿದಷ್ಟು ಕೆಟ್ಟದ್ದು ಎಂದು ನಮಗೆ ಎಳವೆಯಿಂದ ಹೇಳಿಕೊಟ್ಟಿದ್ದರು. ಯಾರ ವಿಷಯವೋ ಅವರು ಎದುರಿಗಿದ್ದರೆ ತಿದ್ದುವ ಮೊದಲ ಹಕ್ಕು ಅವರದು, ನಡುವೆ ಬೇರೆಯವರು ಬಾಯಿ ಹಾಕುವುದು ಮರ್ಯಾದೆಯಲ್ಲ. ಅವರೂ ತಿದ್ದದೆ ಸುಮ್ಮನಿದ್ದರೆ, ನೀವು ತಪ್ಪು ಎಂದುಕೊಂಡು ಆಡಿದ್ದೇ ಸರಿ ಎಂದು ಲೆಕ್ಕ.

ಕಥೆ ಕೇಳುವುದಕ್ಕೂ ಇದೇ ದಾರಿ. ಮುಂದಿನದು ಬೇಕಾದರೆ ನಾವು ಮೊಮ್ಮಕ್ಕಳು, ರಾಜಕುಮಾರ ಬಾವಿಗೆ ಬಿದ್ದು ಸತ್ತ, ಕಥೆ ಮುಗೀತು ಅನ್ನುತ್ತಿದ್ದೆವು. ಅಜ್ಜಿಗೆ ರೇಗುತ್ತಿತ್ತು. ಅವನು ಸತ್ತರೆ ರಾಜಕುಮಾರಿಯನ್ನ ನೀನು ಕಟ್ಟಿಕೋ ಹೋಗು, ಅವನು ಸಾಯಲಿಲ್ಲ, ಬಾವಿಯ ತಳದಲ್ಲಿ ಒಂದು ಬಾಗಿಲಿತ್ತು ಎಂದು ಮುಂದುವರಿಸುತ್ತಿದ್ದಳು. ಅಂಥ ಬಾಗಿಲುಗಳ ಆಚೆಗೇ ನಾನು ಬೆಳೆದೆ. ಪಾತ್ರೆ ತೊಳೆಯುತ್ತ ತೊಳೆಯುತ್ತ ನಾನು ಎಲ್ಲೋ ಹೋಗಿಬಿಡುತ್ತಿದ್ದೆ, ಅಮ್ಮ ತಲೆಗೆ ಮೊಟಕಿದ ಮೇಲೆ ವಾಪಸ್ ಬರುತ್ತಿದ್ದೆ. ಅಜ್ಜಿಯ ಕಥೆಗಳೆಲ್ಲ ಮದುವೆಯಲ್ಲೇ ಮುಗಿಯುತ್ತಿದ್ದವು. ಬೇರೆ ಥರ ಮುಗಿಯುವ ಕಥೆ ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ನಮ್ಮಪ್ಪನ ತಂಗಿ ದಾಕ್ಷಾಯಿಣಿ ಊರಿನ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ನನಗೆ ಅವಳು ದಾಕ್ಷತ್ತೆ. ಎತ್ತರದ ಹೆಂಗಸು, ರೆಪ್ಪೆಯ ಮೇಲೆ ಸದಾ ಹಿಟ್ಟು, ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಮಾತಾಡಿದರೂ ಕೇಳಿಸುತ್ತಿರಲಿಲ್ಲ, ಅದಕ್ಕೇ ಅವಳಿಗೆ ಆ ಅಭ್ಯಾಸ ತಪ್ಪಿಹೋಗಿತ್ತೋ ಏನೋ. ಅಲ್ಲಿಗೆ ಗವಿರಂಗ ಜೋಳ ಬೀಸಿಸಲು ಬರುತ್ತಿದ್ದ. ಅವನು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ಒಂಟಿ ಆಳು, ಆದರೂ ಎರಡು ದಿನಕ್ಕೊಮ್ಮೆ ಡಬ್ಬ ತುಂಬ ಜೋಳ ತರುತ್ತಿದ್ದ. ಅವನ ಮನೆಯಲ್ಲಿ ಹಿಟ್ಟು ಇಡಲು ಜಾಗವಿಲ್ಲದೆ ಮಂಚದ ಕೆಳಗೆಲ್ಲ ಡಬ್ಬಗಳು ಸೇರಿದ್ದವು ಎಂದು ಕೇರಿಯವರು ನಗುತ್ತಿದ್ದರು. ಅವನು ಬರುವುದು ಯಾತಕ್ಕೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗವಿರಂಗನಿಗೆ ಒಂದು ಹಟವಿತ್ತು. ನಮ್ಮೂರಲ್ಲಿ ಹೆಣ್ಣು ಕೇಳಲು ಹೋದವರು, ನಿಮ್ಮ ಹುಡುಗಿಗೆ ನಮ್ಮ ಹುಡುಗ ಬೇಡವಂತೆ ಎಂದು ತಪ್ಪು ಒಡ್ಡುತ್ತಿದ್ದರು. ಹುಡುಗಿಯ ಕಡೆಯವರು ಬೇಕಾದರೆ ತಿದ್ದುತ್ತಿದ್ದರು, ಬೇಡವಾದರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಮದುವೆ ಮದುವೆಗೂ ಊದಿ ಊದಿ ಗವಿರಂಗ ಇದನ್ನೆಲ್ಲ ನೋಡಿದ್ದ. ತನ್ನ ಮದುವೆ ಸುಳ್ಳಿನಿಂದ ಶುರುವಾಗುವುದು ಬೇಡ, ಕೇಳುವುದಾದರೆ ನೆಟ್ಟಗೆ ಕೇಳುತ್ತೇನೆ ಎಂದು ಅವನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದ. ಅದಕ್ಕೆ ಗಿರಣಿಗಿಂತ ಒಳ್ಳೆಯ ಜಾಗವಿರಲಿಲ್ಲ. ಆ ಗದ್ದಲದಲ್ಲಿ ಕಿವಿಯ ಹತ್ತಿರ ಕಿರುಚಿದರೆ ಕಿವಿಯವರಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿಸದು.

ಅವತ್ತು ನಾನೂ ಅಜ್ಜಿಯೂ ಗಿರಣಿಯಲ್ಲೇ ಇದ್ದೆವು, ನಾನಿನ್ನೂ ಲಂಗ ಹಾಕುವ ಹುಡುಗಿ. ಗೋಧಿ ಮೂಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದೆ. ಬೆಲ್ಟು ಪಟಪಟ ಓಡುತ್ತಿತ್ತು, ಕಲ್ಲು ಗರಗರ ತಿರುಗುತ್ತಿತ್ತು, ಅತ್ತೆ ಹಿಟ್ಟಿನ ಬಾಯಿಗೆ ಡಬ್ಬ ಹಿಡಿದು ಬಗ್ಗಿದ್ದಳು. ಗವಿರಂಗ ಅವಳ ಕಡೆ ಬಾಗಿದ. ಊದಿ ಊದಿ ಬಲಿತ ಎದೆ ಅವನದು. ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ.

"ದಾಕ್ಷಾಯಿಣಿ, ನನ್ನ ಮದುವೆ ಆಗ್ತೀಯಾ?"

ದಾಕ್ಷಾಯಿಣಿ ಅನ್ನುವಾಗ ಕರೆಂಟು ಇತ್ತು. ನನ್ನ ಅನ್ನುವಾಗ ಹೋಯಿತು. ಉಳಿದದ್ದು ಮೂರು ಬೀದಿಗೆ ಕೇಳಿಸಿತು. ಕಲ್ಲು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಎದುರಿನ ಹೋಟೆಲಿನಲ್ಲಿ ದೋಸೆ ಹೊಯ್ಯುವವನು ಸೌಟು ಎತ್ತಿ ಹಿಡಿದವನು ಹಾಗೇ ಹಿಡಿದುಕೊಂಡಿದ್ದ. ಗವಿರಂಗ ಅತ್ತೆಯ ಮುಖವನ್ನೇ ನೋಡುತ್ತಿದ್ದ. ಅತ್ತೆ ತಲೆಯೆತ್ತಿದಳು, ಬಾಯಿ ತೆರೆದಳು, ಅಷ್ಟರಲ್ಲಿ ಇಲಾಖೆಯ ವ್ಯಾನು ಬಂದು ನಿಂತಿತ್ತು. ಅವರು ಬಯ್ಯಲಿಲ್ಲ, ಹೊಡೆಯಲಿಲ್ಲ. ಒಬ್ಬ ಅವನ ಹಿಟ್ಟಿನ ಡಬ್ಬ ಹಿಡಿದುಕೊಂಡ, ಇನ್ನೊಬ್ಬ ಚಪ್ಪಲಿ ಹುಡುಕಿಕೊಟ್ಟ. ವ್ಯಾನಿನ ಬಾಗಿಲು ಹಾಕುವ ಮೊದಲು ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಹೋದಳು.

"ಹೋಗಿ ಬಾರಪ್ಪ ಗವಿರಂಗ. ನಿನ್ನ ಪ್ರಶ್ನೆಯ ಜವಾಬು ನಿನಗೆ ತಲುಪಿಸೋದು ನನಗಿರಲಿ. ನಾನು ಮಾತು ಕೊಟ್ಟಿದೀನಿ."

ಇಲಾಖೆಯ ನಿಯಮ ಹೀಗಿತ್ತು. ಪ್ರಶ್ನೆ ಕೇಳಿದವನನ್ನು ಅದಕ್ಕೆ ಹೊಂದುವ ಜವಾಬು ಸಿಗುವ ತನಕ ಇಲಾಖೆಯ ಕಚೇರಿಯಾದ ಜವಾಬು ಮನೆಯಲ್ಲಿ ಇಟ್ಟುಕೊಳ್ಳಬೇಕು, ಸಿಕ್ಕ ಕೂಡಲೇ ಬಿಟ್ಟುಬಿಡಬೇಕು. ಇದು ಶಿಕ್ಷೆಯಲ್ಲ, ಸೇವೆ ಎಂದು ಅವರು ಹೇಳುತ್ತಿದ್ದರು. ದಿನಾ ಬೆಳಿಗ್ಗೆ ಜವಾಬು ಓದುವಾಗ ಗವಿರಂಗನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕಾವಲಿನ ಮಲ್ಲೇಶಿ ಪಕ್ಕದಲ್ಲಿ ನಿಂತು ಒಂದೊಂದು ಜವಾಬನ್ನೂ ಪ್ರಶ್ನೆಯ ಮುಂದೆ ಇಟ್ಟು ನೋಡುತ್ತಿದ್ದ. ನನ್ನ ಮದುವೆ ಆಗ್ತೀಯಾ, ಗಾಳಿ ಬೀಸಿದ್ದರಿಂದ. ಹೊಂದಲ್ಲ. ನನ್ನ ಮದುವೆ ಆಗ್ತೀಯಾ, ಅರ್ಧ ಸೇರು. ಹೊಂದಲ್ಲ. ಮುಂದಿನ ಗುರುವಾರ ಎಂದು ಬಂದ ದಿನ ಮಾತ್ರ ಜವಾಬು ಮನೆಯಲ್ಲಿ ಗೆದ್ದಂತೆ ಸಂಭ್ರಮ, ಪಾಯಸಕ್ಕೆ ಹಾಲು ತರಿಸಿದ್ದರು. ಆದರೆ ಆ ಜವಾಬನ್ನು ಬೆಳಿಗ್ಗೆಯೇ ಒಬ್ಬ ದರ್ಜಿ ತನ್ನ ಗಿರಾಕಿಗಳಿಗೆ ಬಳಸಿಕೊಂಡುಬಿಟ್ಟಿದ್ದ. ಒಂದು ಜವಾಬನ್ನು ಎರಡು ಕಡೆ ಕೊಡಲು ಬರುವುದಿಲ್ಲ ಎಂದು ಹಾಲಿಗೆ ಹೆಪ್ಪು ಹಾಕಿದರು. ಇದನ್ನೆಲ್ಲ ಮಲ್ಲೇಶಿ ಗಿರಣಿಗೆ ರಾಗಿ ತಂದಾಗ ಹೇಳುತ್ತಿದ್ದ. ಗವಿರಂಗ ಸತ್ತೇ ಹೋದನಂತೆ ಎಂದು ಯಾರಾದರೂ ಒಡ್ಡಿದರೆ ಸಾಕು, ಸಾಯೋದು ದೂರ ಉಳೀತು, ಅಂಗಳದಲ್ಲಿ ಸೌತೆಬಳ್ಳಿ ಹಬ್ಬಿಸಿಕೊಂಡು ದಪ್ಪ ಆಗಿದಾನೆ ಎಂದು ತಿದ್ದಿ ಎಲ್ಲ ವರದಿ ಕೊಡುತ್ತಿದ್ದ. ಕ್ಲಾರಿನೆಟ್ ಮಾತ್ರ ಕೊಟ್ಟಿರಲಿಲ್ಲ. ಊದಿದರೆ ಪ್ರಶ್ನೆ ಕೇಳಿದ ಹಾಗೆ ಕೇಳಿಸುತ್ತದೆ ಎಂದು ಇಲಾಖೆಯವರ ಅನುಮಾನ.

ಹೀಗೆ ವರ್ಷಗಳು ಹೋದವು. ಇತ್ತ ದಾಕ್ಷತ್ತೆಯನ್ನು ಊರು ಏನೋ ಮಾಡಿಬಿಟ್ಟಿತು. ಕಾದುಕೂತವಳು ಎಂದು ಹೆಸರಾಯಿತು. ಮದುವೆಯ ಹೆಣ್ಣುಗಳು ಮಂಟಪಕ್ಕೆ ಹೋಗುವ ಮೊದಲು ಗಿರಣಿಗೆ ಬಂದು ಅವಳ ಕೈಯಿಂದ ಹಣೆಗೆ ಒಂದು ಚಿಟಿಕೆ ಹಿಟ್ಟು ಹಚ್ಚಿಸಿಕೊಳ್ಳುವುದು ರೂಢಿಯಾಯಿತು. ಹೂವಿನವಳು ದಿನಾ ಒಂದು ಮೊಳ ಮಲ್ಲಿಗೆ ಪುಕ್ಕಟೆ ಕೊಟ್ಟು ಹೋಗುತ್ತಿದ್ದಳು. ಅತ್ತೆ ಬೇಡ ಅಂದರೆ, ಎಷ್ಟು ಸಂಕೋಚ ನೋಡು ಪಾಪ ಎಂದು ಎರಡು ಮೊಳ ಕೊಡುತ್ತಿದ್ದಳು. ಹೂವನ್ನು ಅತ್ತೆ ಗಿರಣಿಯ ಮೋಟಾರಿಗೆ ಹಾಕುತ್ತಿದ್ದಳು.

ಅಜ್ಜಿ ತನ್ನ ಮಾತು ಮರೆತಿರಲಿಲ್ಲ. ಜವಾಬು ತಲುಪಿಸಬೇಕಾದರೆ ಮೊದಲು ಮಗಳ ಬಾಯಿಂದ ಅದು ಹೊರಡಬೇಕು. ಅಜ್ಜಿ ಎಷ್ಟೋ ಸಲ ಒಡ್ಡಿದಳು. ಆ ಗವಿರಂಗನ್ನ ಕಂಡರೆ ನಿನಗಾಗಲ್ಲ ಬಿಡು ದಾಕ್ಷಿ ಎಂದಳು. ಅತ್ತೆ ತಿದ್ದಲಿಲ್ಲ, ಬೆಲ್ಟಿಗೆ ಎಣ್ಣೆ ಬಿಟ್ಟಳು. ನಿನಗೆ ಮದುವೇನೇ ಬೇಡ ಬಿಡು ಎಂದಳು. ಅತ್ತೆ ಜರಡಿ ಹಿಡಿದಳು. ಬೇರೆ ಯಾರಾದರೂ ಹೀಗೆ ಸುಮ್ಮನಿದ್ದರೆ ನಮ್ಮೂರವರು ಅದನ್ನು ಸರಿಯಾಗೇ ಓದುತ್ತಿದ್ದರು. ಆದರೆ ಇವಳು ಕಾದುಕೂತವಳು. ಅಜ್ಜಿ ಹೊರಗೆ ಬಂದು, ಹೆಸರೆತ್ತಿದರೆ ಸಾಕು ಮುಖ ಕೆಂಪಾಗುತ್ತೆ ಕಣ್ರೇ, ನಾಚಿಕೆ ಎಂದು ಜಗಲಿಯವರಿಗೆ ಹೇಳುತ್ತಿದ್ದಳು. ಗಿರಣಿಯ ಶಾಖಕ್ಕೆ ಅಲ್ಲಿ ಕೂತ ಬೆಕ್ಕಿನ ಮುಖವೂ ಕೆಂಪಾಗುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನಾಗಲೇ ಮನಸ್ಸಿನಲ್ಲಿ ಅವರಿಬ್ಬರ ಮದುವೆ ಎಷ್ಟೋ ಸಲ ಮಾಡಿ ಮುಗಿಸಿದ್ದೆ. ಒಮ್ಮೆ ಆನೆ ತರಿಸಿದ್ದೆ.

ಅಜ್ಜಿಯ ಮಂಡಿ ಹಿಡಿದುಕೊಂಡ ವರ್ಷ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಈ ಕೆಲಸ ನಿನ್ನದು ಅಂಬುಜಿ ಎಂದಳು. ಉಪಾಯವೂ ಅವಳದೇ. ಜವಾಬು ಓದುತ್ತಿದ್ದ ಕೊಟ್ರಯ್ಯನವರದು ಕಂಚಿನ ಗಂಟೆಯಂಥ ದನಿ. ತಿದ್ದುವ ಚಟದಲ್ಲೂ ಊರಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸತ್ತವರ ಮನೆಗೆ ಹೋದರೆ ಅಳುವವರ ರಾಗ ತಿದ್ದಿ ಬರುತ್ತಿದ್ದರು. ಬಸ್ಸಿನಲ್ಲಿ ಪಕ್ಕದವನು ನಿದ್ದೆಯಲ್ಲಿ ಗೊಣಗಿದ್ದನ್ನು ತಿದ್ದಲು ಅವನನ್ನು ಎಬ್ಬಿಸಿದ್ದರು. ಮೈಕು ಚಾಲೂ ಇದ್ದಾಗ ಅವರ ಮುಂದೆ ಒಂದು ತಪ್ಪು ಒಡ್ಡಬೇಕು. ದಾಕ್ಷಾಯಿಣಿಗೆ ಗವಿರಂಗ ಬೇಡ ಅನ್ನಬೇಕು. ಊರಿಗೆಲ್ಲ ಗೊತ್ತಿರುವುದು ಅವರಿಗೂ ಗೊತ್ತು, ಬಾಯಿ ತಡೆಯದೆ, ತಪ್ಪು, ಅವಳು ಒಪ್ಪಿದಾಳೆ ಎಂದು ತಿದ್ದೇ ತಿದ್ದುತ್ತಾರೆ. ಅದು ಮೈಕಿನಲ್ಲಿ ಬರುತ್ತದೆ. ಮೈಕಿನಲ್ಲಿ ಬಂದದ್ದು ಜವಾಬು. ಗವಿರಂಗ ಅವತ್ತೇ ಹೊರಗೆ.

ಇದರಲ್ಲಿ ನನಗಿದ್ದ ಅಪಾಯವನ್ನೂ ಅಜ್ಜಿ ಮುಚ್ಚಿಡಲಿಲ್ಲ. ಮೈಕಿಗೆ ಬಾಯಿ ಹಾಕಿದವರನ್ನು ಇಲಾಖೆಯವರು ಗುಡ್ಡದ ಮೇಲೆ ಕಳಿಸುತ್ತಿದ್ದರು. ಅಲ್ಲಿಯವರೆಗೂ ಮೈಕು ಕೇಳಿಸುತ್ತದೆಯೋ ಇಲ್ಲವೋ ನೋಡಿ ಬಂದು ಹೇಳುವ ಕೆಲಸ. ಕೇಳಿಸುತ್ತದೆ ಎಂದು ಹೇಳಲು ಈವರೆಗೆ ಯಾರೂ ವಾಪಸ್ ಬಂದಿರಲಿಲ್ಲ. ನನಗೆ ಹೆದರಿಕೆಯಾಯಿತು. ಆದರೆ ಕಥೆಗಳಲ್ಲಿ ಇಂಥ ಕೆಲಸ ಕೊನೆಯ ಮೊಮ್ಮಗಳ ಪಾಲಿಗೇ ಬರುವುದು, ಅವಳು ಗೆದ್ದೇ ಬರುವುದು. ಹೂಂ ಅಂದೆ.

ಕೊಟ್ರಯ್ಯನವರ ಗಂಟಲಿಗೆಂದು ದಾಕ್ಷತ್ತೆ ಪ್ರತಿ ಸೋಮವಾರ ಹುರಿಹಿಟ್ಟು ಕೊಟ್ಟು ಬರುತ್ತಿದ್ದಳು. ಅದನ್ನು ಬಿಸಿ ಹಾಲಿಗೆ ಕಲಸಿ ಕುಡಿದರೇ ಅವರಿಗೆ ದನಿ ಏಳುತ್ತಿದ್ದದ್ದು. ಆ ಸೋಮವಾರ ಡಬ್ಬ ಹಿಡಿದುಕೊಳ್ಳುವ ನೆಪದಲ್ಲಿ ನಾನೂ ಜೊತೆಗೆ ಹೊರಟೆ. ಅತ್ತೆಗೆ ಏನೂ ಹೇಳಿರಲಿಲ್ಲ. ಜವಾಬು ಮನೆಯ ಮಹಡಿಯ ಮೇಲೆ ಓದುವ ಕೋಣೆ. ಕಿಟಕಿಯಿಂದ ಕೆಳಗೆ ಅಂಗಳ ಕಾಣುತ್ತಿತ್ತು. ಸೌತೆ ಚಪ್ಪರದ ನೆರಳಿನಲ್ಲಿ ಕುರ್ಚಿ, ಕುರ್ಚಿಯಲ್ಲಿ ಗವಿರಂಗ, ಪಕ್ಕದಲ್ಲಿ ಮಲ್ಲೇಶಿ. ನನಗೆ ನೆನಪಿದ್ದವನ ಎರಡರಷ್ಟಾಗಿದ್ದ. ಅತ್ತೆ ಕಿಟಕಿಯ ಕಡೆ ಬೆನ್ನು ಮಾಡಿಯೇ ಕೂತಳು. ಕೊಟ್ರಯ್ಯನವರು ನನ್ನ ಕಡೆ ತಿರುಗಿ, ಪಾಪ, ನೋಡಿದರೆ ದುಃಖ ತಡೆಯೋಕಾಗಲ್ಲ ಅವಳಿಗೆ ಎಂದು ಪಿಸುಗುಟ್ಟಿದರು.

ಹಾಲು ಕುಡಿದು, ಮೀಸೆ ಒರೆಸಿಕೊಂಡು, ಮೈಕಿನ ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು.

ಬೆಲ್ಲ ಹಾಕಿದ್ದರಿಂದ ಎಂದು ಓದಿದರು, ಎರಡು ಸಲ. ಅವಳ ತಂಗಿ ಎಂದು ಓದಿದರು, ಎರಡು ಸಲ. ಮೊಣಕಾಲಿನವರೆಗೆ. ಮೊಣಕಾಲಿನವರೆಗೆ. ಹಾಳೆ ತಿರುವಲು ಅವರು ಬೆರಳಿಗೆ ಎಂಜಲು ಹಚ್ಚಿಕೊಂಡರು. ನಾನು ಎದ್ದು ಮೈಕಿನ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ.

"ನಮ್ಮ ದಾಕ್ಷತ್ತೆಗೆ ಗವಿರಂಗ ಬೇಡ. ಅವಳು ಅವನನ್ನ ಮದುವೆ ಆಗಲ್ಲ."

ಟ್ಯಾಂಕಿನ ಮೇಲಿಂದ ನನ್ನ ದನಿ ನನಗೇ ತಿರುಗಿ ಕೇಳಿಸಿತು. ಕೊಟ್ರಯ್ಯನವರ ಬಾಯಿ ತೆರೆದುಕೊಂಡಿತು, ತಿದ್ದುಪಡಿ ನಾಲಿಗೆಯ ತುದಿಗೇ ಬಂದು ನಿಂತದ್ದು ಕಾಣುತ್ತಿತ್ತು. ಆದರೆ ಅವರು ಮರ್ಯಾದಸ್ಥರು. ಯಾರ ವಿಷಯವೋ ಅವರೇ ಎದುರಿಗೆ ಕೂತಿದ್ದಾರೆ. ಮೊದಲ ಹಕ್ಕು ಅವಳದು ಎಂದು ಅತ್ತೆಯ ಕಡೆ ಕೈ ತೋರಿಸಿ, ತುಟಿ ಬಿಗಿಹಿಡಿದು ಕಾದರು. ಅಜ್ಜಿಯೂ ನಾನೂ ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅತ್ತೆ ತಿದ್ದಲಿಲ್ಲ. ಅಂಗೈಗೆ ಅಂಟಿದ ಹುರಿಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದಳು. ಅವಳ ಸುಮ್ಮನಿರುವಿಕೆ ಮೈಕಿನೊಳಗೆ ಹೋಗಿ ನಾಲ್ಕು ದಿಕ್ಕಿಗೂ ಹರಡಿತು. ಕೆಳಗೆ ಬೀದಿಯಲ್ಲಿ ಸೈಕಲ್ಲುಗಳು ನಿಂತವು. ಇದು ಗಿರಣಿಯಲ್ಲ, ಇಲ್ಲಿ ಎಣ್ಣೆ ಬಿಡಲು ಬೆಲ್ಟಿರಲಿಲ್ಲ, ಹಿಡಿಯಲು ಜರಡಿಯಿರಲಿಲ್ಲ, ಮುಖ ಕೆಂಪಾಗಲು ಶಾಖವಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅದು ಎಂದಿನ ಮುಖವೇ, ಗೋಧಿಯ ಬಣ್ಣದ್ದು. ಅಲ್ಲಿ ನಾಚಿಕೆ ಇರಲಿಲ್ಲ. ಯಾವತ್ತೂ ಇರಲಿಲ್ಲ. ತಪ್ಪು ಎಂದುಕೊಂಡು ನಾನು ಆಡಿದ್ದೇ ಸರಿಯಾಗಿತ್ತು. ನಾನೂ ಅಜ್ಜಿಯೂ ಇಡೀ ಊರೂ ಇಷ್ಟು ವರ್ಷ ಒಡ್ಡಿದ್ದೆಲ್ಲ ಸರಿಯಾಗಿತ್ತು, ಅವಳು ಪ್ರತಿ ಸಲವೂ ಊರಿನ ಪದ್ಧತಿಯಂತೆ ಸುಮ್ಮನಿದ್ದು ಅದನ್ನೇ ಹೇಳಿದ್ದಳು.

ನನ್ನ ಆನೆ, ಚಪ್ಪರ, ಬ್ಯಾಂಡ್‌ಸೆಟ್ಟು ಎಲ್ಲ ಒಂದರ ಮೇಲೊಂದು ಬಿದ್ದುಹೋದವು. ಕಣ್ಣಿಗೆ ನೀರು ಬಂತು, ಅದೂ ಅವರಿಗಾಗಿ ಅಲ್ಲ, ನನಗಾಗಿ. ಕೆಳಗೆ ನೋಡಿದರೆ ಮಲ್ಲೇಶಿ ತಲೆಯೆತ್ತಿ ಕಾಯುತ್ತಿದ್ದ. ಸುಮ್ಮನಿರುವುದನ್ನು ಅವನು ಪ್ರಶ್ನೆಯ ಮುಂದೆ ಇಟ್ಟು ನೋಡಲಾರ, ಇಲಾಖೆಗೆ ಮಾತು ಬೇಕು. ಮೆಟ್ಟಿಲ ಮೇಲೆ ಬೂಟಿನ ಸದ್ದು ಶುರುವಾಗಿತ್ತು, ನನ್ನನ್ನು ಗುಡ್ಡಕ್ಕೆ ಕರೆದೊಯ್ಯಲು ಬರುತ್ತಿದ್ದರು. ಇನ್ನೊಂದು ಸೋಮವಾರ ನನಗೆ ಸಿಗುವುದಿರಲಿಲ್ಲ. ಅಜ್ಜಿ ಗವಿರಂಗನಿಗೆ ಮಾತು ಕೊಟ್ಟದ್ದು ಜವಾಬಿನದು, ಹೆಂಡತಿಯದಲ್ಲ ಎಂದು ಆಗ ನೆನಪಾಯಿತು. ಮೂಗು ಒರೆಸಿಕೊಂಡು ಮತ್ತೆ ಮೈಕಿಗೆ ಬಾಯಿ ಕೊಟ್ಟೆ. ಈ ಸಲ ನಿಜವಾದ ತಪ್ಪನ್ನು ಒಡ್ಡಿದೆ.

"ದಾಕ್ಷತ್ತೆ ಗವಿರಂಗನ್ನ ಮದುವೆ ಆಗ್ತಾಳೆ. ಅವಳಿಗೆ ಪೂರ್ತಿ ಒಪ್ಪಿಗೆ."

ಅತ್ತೆ ಕೈ ಉಜ್ಜುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ಬಾಯಾರಿ ಬಂದವಳಿಗೆ ಕೊನೆಗೂ ಯಾರೋ ತಂಬಿಗೆ ಕೊಟ್ಟ ಹಾಗಿತ್ತು ಆ ನೋಟ. ಎದ್ದು ಬಂದು ಮೈಕಿನ ಮುಂದೆ ಬಗ್ಗಿದಳು.

"ಇಲ್ಲ," ಅಂದಳು.

ಪ್ರತಿ ಜವಾಬನ್ನೂ ಎರಡು ಸಲ ಓದಬೇಕು. ಕೊಟ್ರಯ್ಯನವರ ನಾಲಿಗೆಗೆ ಅದು ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಅವರಿಗೇ ತಿಳಿಯದ ಹಾಗೆ ಆ ಕಂಚಿನ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ, ಇಲ್ಲ ಎಂದು ಓದಿಬಿಟ್ಟರು. ಅಲ್ಲಿಗೆ ಅದು ಜವಾಬಾಯಿತು.

ಕೆಳಗೆ ಮಲ್ಲೇಶಿ ಅದನ್ನು ಎತ್ತಿಕೊಂಡು ಪ್ರಶ್ನೆಯ ಮುಂದೆ ಇಟ್ಟ. ನನ್ನ ಮದುವೆ ಆಗ್ತೀಯಾ, ಇಲ್ಲ. ಇನ್ನೊಮ್ಮೆ ಇಟ್ಟ. ತಿರುಗಿಸಿ ನೋಡಲು ಏನೂ ಉಳಿದಿರಲಿಲ್ಲ, ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತಿತ್ತು. ಹೊಂದುತ್ತೆ ಎಂದು ಅವನು ಕೂಗಿದ. ಗವಿರಂಗ ಕುರ್ಚಿಯಿಂದ ಎದ್ದು ಮೈ ಮುರಿದ.

ಅಷ್ಟರಲ್ಲಿ ಬೂಟಿನವರಿಬ್ಬರು ಕೋಣೆಯೊಳಗೆ ಬಂದಿದ್ದರು. ಹಿರಿಯವನು, ಇವಳ ತೋಳು ಹಿಡಿದುಕೋ ಎಂದು ಕಿರಿಯವನಿಗೆ ಹೇಳಿದ. ಕಿರಿಯವನು ಸ್ವಲ್ಪ ಯೋಚಿಸಿ, ಇಲ್ಲ ಅಂದ. ಈಗ ತಾನೆ ಮೈಕಿನಲ್ಲಿ ಬಂತಲ್ಲ ಸಾರ್, ನನಗೂ ಅದೇ ಹೊಂದುತ್ತೆ ಎಂದ. ಹಿರಿಯವನಿಗೆ ತಳ್ಳಿಹಾಕಲು ದಾರಿಯಿರಲಿಲ್ಲ, ಕೊಟ್ರಯ್ಯನವರ ಲೋಟದಲ್ಲಿ ಉಳಿದ ಹಾಲು ಕುಡಿದು ಕೂತುಬಿಟ್ಟ.

ಊರಿನಲ್ಲಿ ಆ ಹೊತ್ತಿಗೆ ಗದ್ದಲ ಶುರುವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಜವಾಬು, ಎಲ್ಲರೂ ತಮತಮಗೆ ಬೇಕಾದಷ್ಟು ತೆಗೆದುಕೊಂಡರು. ಒಂದು ಜವಾಬು ಒಂದೇ ಕಡೆಗೆ ಎಂದು ಕೂಗುತ್ತ ಹೊರಟ ಇಲಾಖೆಯವನಿಗೆ ಮೊದಲು ಸಿಕ್ಕ ಹೆಂಗಸೇ ಇಲ್ಲ ಅಂದಳು. ಸಾಹುಕಾರರ ಮನೆಯ ಆಳು ನೀರು ಸೇದುತ್ತಿದ್ದ ಹಗ್ಗವನ್ನು ಬಾವಿಕಟ್ಟೆಯ ಮೇಲೆ ಇಟ್ಟು, ಇಲ್ಲ ಅಂದ. ಹೊಸ ಸೊಸೆಯೊಬ್ಬಳು ಮಾವನ ಮುಂದೆ ನಿಂತು ಎರಡು ಸಲ ಅಂದಳಂತೆ, ಪದ್ಧತಿಯಂತೆ. ಶಾಲೆಯ ಮಕ್ಕಳು ಎಲ್ಲದಕ್ಕೂ ಅಂದರು. ಇಲಾಖೆಯ ದೊಡ್ಡವರು ಇದನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಕೊಟ್ರಯ್ಯನವರಿಗೆ ಹೇಳಿಕಳಿಸಿದರು. ಅವರು ಕಿಟಕಿಯಲ್ಲಿ ತಲೆ ಹಾಕಿ ಹೇಳಿಕಳಿಸಿದವನ ಉಚ್ಚಾರ ತಿದ್ದಿ, ಆಮೇಲೆ, ಇಲ್ಲ ಎಂದರು.

ಜವಾಬು ಮನೆಯ ಗೇಟಿನ ಹೊರಗೆ ಕೇರಿಯವರೆಲ್ಲ ಸೇರಿದ್ದರು. ಕಾದುಕೂತವಳ ಕಡೆಯಿಂದ ಇಲ್ಲ ಎಂದು ಬಂದದ್ದನ್ನು ಅವರಿಗೆ ಇನ್ನೂ ನುಂಗಲಾಗಿರಲಿಲ್ಲ. ಹಣೆಗೆ ಹಿಟ್ಟು ಹಚ್ಚಿಸಿಕೊಂಡು ಮದುವೆಯಾದ ಹೆಂಗಸರು ಸೆರಗಿನಿಂದ ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಲ್ಲೇಶಿ ಗೇಟು ತೆಗೆದ. ಗವಿರಂಗ ವಾಪಸ್ ಸಿಕ್ಕ ಕ್ಲಾರಿನೆಟ್ಟಿನ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚೀಲದ ತುಂಬ ಸೌತೆಕಾಯಿ ಹಿಡಿದುಕೊಂಡು ಹೊರಗೆ ಬಂದ. ದಾಕ್ಷತ್ತೆ ಅವನೆದುರಿಗೆ ಹೋಗಿ ನಿಂತಳು. ಜನ ಅವರಿಬ್ಬರಿಗೆ ಜಾಗ ಬಿಟ್ಟು ಹಿಂದೆ ಸರಿದರು, ಕಿವಿ ಮಾತ್ರ ಮುಂದಿಟ್ಟರು.

"ನಿನ್ನ ಮೇಲೆ ಸಿಟ್ಟಿಲ್ಲ ಗವಿರಂಗ," ಅಂದಳು ಅತ್ತೆ. "ಚೆನ್ನಾಗಿ ಊದ್ತಿದ್ದೆ. ನನಗೆ ಮದುವೆ ಬೇಡವಾಗಿತ್ತು, ಅಷ್ಟೆ. ಅವತ್ತೇ ಹೇಳ್ತಿದ್ದೆ, ಬಾಯಿ ತೆರೆಯೋ ಅಷ್ಟರಲ್ಲಿ ಕರಕೊಂಡು ಹೋದರು. ಆಮೇಲೆ ಯಾರೂ ನನ್ನ ಕೇಳಲಿಲ್ಲ."

ಗವಿರಂಗ ಚೀಲವನ್ನು ಕೆಳಗಿಟ್ಟ.

"ನನಗೆ ಅವತ್ತೇ ಗೊತ್ತಾಗಿತ್ತು ದಾಕ್ಷಾಯಿಣಿ. ಕರೆಂಟು ಹೋದಾಗ ನಿನ್ನ ಮುಖ ನೋಡಿದ್ದೆನಲ್ಲ. ನನಗೆ ಜವಾಬು ಸಿಕ್ಕಿದೆ, ಬಿಡ್ರಪ್ಪ ಅಂತ ಇವರಿಗೆ ದಿನಾ ಬೆಳಿಗ್ಗೆ ಹೇಳ್ತಾನೇ ಇದ್ದೆ. ಮುಖನೆಲ್ಲ ದಾಸ್ತಾನಿಗೆ ತಗೊಳ್ಳೋಕೆ ಬರಲ್ಲ ಅಂದರು."

ಅತ್ತೆ ನಕ್ಕಳು. ಅವಳು ನಕ್ಕಾಗ ರೆಪ್ಪೆಯ ಹಿಟ್ಟು ಉದುರುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು. ಗವಿರಂಗನೂ ನಕ್ಕು, ಚೀಲದಿಂದ ಎಳೆಯ ಸೌತೆಕಾಯಿಗಳನ್ನು ಆರಿಸಿ ಅವಳ ಸೆರಗಿಗೆ ಹಾಕಿದ, ನನಗೂ ಒಂದು ಕೊಟ್ಟ. ನಿಮ್ಮಜ್ಜಿ ಮಾತಿಗೆ ತಪ್ಪಲಿಲ್ಲ ಎಂದು ಹೇಳು ಎಂದ. ಅವನು ಬಸ್‌ಸ್ಟ್ಯಾಂಡಿನ ಕಡೆ ಹೋದ, ಅತ್ತೆ ಗಿರಣಿಯ ಕಡೆ ಹೋದಳು, ಬೀಸಲು ಬಂದವರು ಕಾಯುತ್ತಿದ್ದರು.

ನಾನು ಸೌತೆಕಾಯಿ ಕಚ್ಚುತ್ತ ಮನೆಗೆ ಬಂದೆ. ಗೆದ್ದು ಬರುವ ದಾರಿ ಉದ್ದಕ್ಕೂ ಅಳುತ್ತ ಬರಬೇಕಾಗುತ್ತದೆ ಎಂದು ಅಜ್ಜಿ ಯಾವ ಕಥೆಯಲ್ಲೂ ಹೇಳಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಕೂತಿದ್ದಳು. ನಿಶ್ಚಿತಾರ್ಥದ ಹೋಳಿಗೆಗೆಂದು ಯಾರಿಗೂ ಹೇಳದೆ ಮುಂಜಾನೆಯೇ ಬುಟ್ಟಿಗಟ್ಟಲೆ ಕಡಲೆಬೇಳೆ ನೆನೆಹಾಕಿಬಿಟ್ಟಿದ್ದಳು. ಮೈಕಿನಲ್ಲಿ ಬಂದದ್ದು ಅವಳಿಗೂ ಕೇಳಿಸಿತ್ತು. ನಾನು ಹೊಸ್ತಿಲಲ್ಲಿ ನಿಂತು, ಜವಾಬು ತಲುಪಿತು ಅಜ್ಜಿ, ಅವನು ಹೋದ ಅಂದೆ. ಸದ್ಯ ಅಂದಳು ಅಜ್ಜಿ. ಉಬ್ಬಿದ ಬೇಳೆಯನ್ನು ಸ್ವಲ್ಪ ಹೊತ್ತು ನೋಡಿ, ಹಸಿಮೆಣಸಿನಕಾಯಿ ತೆಗೆದುಕೊಂಡು ಬಾ, ವಡೆ ಮಾಡೋಣ ಅಂದಳು.